ತಾಷ್ಕೆಂಟ್‌ನಲ್ಲಿ ಟಿಕೆಟ್ ಇಲ್ಲದೆ ಏನೇನು ನೋಡಬಹುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಜ್ಬೇಕಿಸ್ತಾನದ ರಾಜಧಾನಿಯಲ್ಲಿ ಕೆಲಸದ ಮೇಲೆ ಎರಡು ವರ್ಷ ಇದ್ದು ಬಂದೆ. ಆಮೇಲೆ ಆ ಕಡೆ ಹೊರಟ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ತಾಷ್ಕೆಂಟ್‌ನಲ್ಲಿ ನೋಡೋಕೆ ಏನಿದೆ? ಎಲ್ಲರೂ ನೇರ ಸಮರ್‌ಕಂದಕ್ಕೆ ಹೋಗ್ತಾರಲ್ಲ?

ಹೋಗುತ್ತಾರೆ. ರಾತ್ರಿ ಇಳಿದು, ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ರೈಲು ಹತ್ತುತ್ತಾರೆ. ಸಮರ್‌ಕಂದ, ಬುಖಾರದಲ್ಲಿ ಇರುವಂಥ ನೀಲಿ ಗುಮ್ಮಟಗಳ ಸಾಲು ಇಲ್ಲಿಲ್ಲ, ಅದು ನಿಜ. ಇದಕ್ಕೆ ಒಂದು ಕಾರಣ 1966ರ ಭೂಕಂಪ. ಹಳೆಯ ಮಣ್ಣಿನ ಊರಿನ ಬಹುಭಾಗ ಆಗ ಹೋಯಿತು. ಅದರ ಜಾಗದಲ್ಲಿ ಸೋವಿಯತ್ ಕಾಲದ ಹೊಸ ಊರು ಎದ್ದಿತು: ಅಗಲವಾದ ರಸ್ತೆ, ಸಾಲು ಮರ, ಕಾರಂಜಿ, ದೊಡ್ಡ ದೊಡ್ಡ ಚೌಕ. ಇಲ್ಲಿನ ನೋಟಗಳಲ್ಲಿ ಹೆಚ್ಚಿನವು ಉಚಿತ ಆಗಿರುವುದೂ ಇದೇ ಕಾರಣಕ್ಕೆ. ಸಮರ್‌ಕಂದದಲ್ಲಿ ನೋಡಬೇಕಾದದ್ದು ಕಟ್ಟಡದ ಒಳಗಿದೆ, ಒಳಗೆ ಹೋಗಲು ಟಿಕೆಟ್ ಬೇಕು. ತಾಷ್ಕೆಂಟ್‌ನಲ್ಲಿ ನೋಡಬೇಕಾದದ್ದು ಬೀದಿಯಲ್ಲಿದೆ.

ಅಂದ ಹಾಗೆ ತಾಷ್ ಎಂದರೆ ಕಲ್ಲು, ಕೆಂಟ್ ಎಂದರೆ ಊರು. ನಮ್ಮ ಲೆಕ್ಕದಲ್ಲಿ ಕಲ್ಲೂರು. ಎರಡು ದಿನವಾದರೂ ಕೊಡಿ ಎನ್ನುವುದು ನನ್ನ ಮಾತು.

ಪೂರ್ತಿ ಉಚಿತವಾ? ಆಮೇಲೆ ಒಳಗೆ ಹೋದಾಗ ದುಡ್ಡು ಕೇಳಲ್ಲ ತಾನೇ?

ಚೌಕ, ಸ್ಮಾರಕ, ಮಸೀದಿ, ಚರ್ಚು, ಬಜಾರು, ಕಾಲುವೆ ದಂಡೆ, ದೊಡ್ಡ ಪಾರ್ಕುಗಳು: ಇವಕ್ಕೆ ಪ್ರವೇಶ ಶುಲ್ಕ ಇಲ್ಲ. ವಸ್ತು ಸಂಗ್ರಹಾಲಯ, ಮೃಗಾಲಯ, ಸಸ್ಯೋದ್ಯಾನ, ಟಿವಿ ಗೋಪುರದ ಮೇಲಿನ ಅಂತಸ್ತು, ಇವಕ್ಕೆ ಇದೆ. ಹಳೆಯ ಮದರಸಾಗಳಲ್ಲಿ ಕೆಲವು ಕಡೆ ಬಾಗಿಲಲ್ಲಿ ಒಬ್ಬರು ಕೂತು ಸಣ್ಣ ಮೊತ್ತ ಕೇಳುತ್ತಾರೆ, ಕೊಡಲು ಮನಸ್ಸಿಲ್ಲದಿದ್ದರೆ ಹೊರಗಿನಿಂದ ನೋಡಿ ಬರಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಜಾರಿನ ಶೌಚಾಲಯಕ್ಕೆ ಮಾತ್ರ ಚಿಲ್ಲರೆ ಇಟ್ಟುಕೊಂಡಿರಿ. ಅಲ್ಲಿ ಕಾರ್ಡೂ ನಡೆಯುವುದಿಲ್ಲ, ಮುಖದಾಕ್ಷಿಣ್ಯವೂ ನಡೆಯುವುದಿಲ್ಲ.

ಮೊದಲು ಎಲ್ಲಿಗೆ ಹೋಗಲಿ?

ಭೂಕಂಪದ ಸ್ಮಾರಕಕ್ಕೆ. ಅದನ್ನು ನೋಡಿದ ಮೇಲೆ ಉಳಿದ ಊರು ಅರ್ಥವಾಗುತ್ತದೆ.

1966ರ ಏಪ್ರಿಲ್ 26, ಬೆಳಗಿನ ಜಾವ 5 ಗಂಟೆ 23 ನಿಮಿಷ. ಭೂಕಂಪದ ಪ್ರಮಾಣ ಐದರ ಆಸುಪಾಸು ಅಷ್ಟೇ, ಆದರೆ ಅದರ ಕೇಂದ್ರ ಊರಿನ ನಟ್ಟನಡುವೆ, ನೆಲದಿಂದ ಕೆಲವೇ ಕಿಲೋಮೀಟರ್ ಕೆಳಗಿತ್ತು. ಹಸಿ ಇಟ್ಟಿಗೆಯ ಮನೆಗಳು ಕುಸಿದು ಸುಮಾರು ಮೂರು ಲಕ್ಷ ಜನ ಬೀದಿಗೆ ಬಂದರು. ಸೋವಿಯತ್ ಒಕ್ಕೂಟದ ಬೇರೆ ಬೇರೆ ಗಣರಾಜ್ಯಗಳಿಂದ ಕೆಲಸಗಾರರು ಬಂದು ಊರನ್ನು ಮತ್ತೆ ಕಟ್ಟಿದರು. 1976ರಲ್ಲಿ ಈ ಸ್ಮಾರಕ ಆಯಿತು.

ನೆಲದ ಮೇಲೆ ಕಪ್ಪು ಕಲ್ಲಿನ ಒಂದು ಘನ. ಅದರ ಒಂದು ಮುಖದಲ್ಲಿ ಗಡಿಯಾರ, ಮುಳ್ಳುಗಳು 5:23ಕ್ಕೆ ನಿಂತಿವೆ. ಇನ್ನೊಂದು ಮುಖದಲ್ಲಿ ತಾರೀಖು. ಘನ ನಡುವೆ ಸೀಳಿದೆ. ಆ ಸೀಳು ಅಲ್ಲಿಗೆ ನಿಲ್ಲದೆ ನೆಲಕ್ಕಿಳಿದು, ಕಲ್ಲುಹಾಸಿನ ಮೇಲೆ ಅಂಕುಡೊಂಕಾಗಿ ಸಾಗಿ, ಎದುರಿಗಿರುವ ಕಂಚಿನ ವಿಗ್ರಹಗಳ ಪಾದದವರೆಗೂ ಹೋಗುತ್ತದೆ. ಮಗುವನ್ನು ಎತ್ತಿಕೊಂಡ ಹೆಂಗಸು, ಅವಳಿಗೆ ಅಡ್ಡವಾಗಿ ಎದೆಯೊಡ್ಡಿ ನಿಂತ ಗಂಡಸು. ಶನಿವಾರ, ಭಾನುವಾರ ಹೋದರೆ ಮದುವೆ ದಿಬ್ಬಣ ಸಿಗುವುದುಂಟು. ಹೊಸ ಜೋಡಿಗಳು ಇಲ್ಲಿ ಹೂವಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಳಿ ಗೌನಿನ ಅಂಚು ಆ ಬಿರುಕಿಗೆ ಸಿಕ್ಕಿಕೊಳ್ಳದಂತೆ ಒಬ್ಬ ಹುಡುಗಿ ಬಗ್ಗಿ ಎತ್ತಿ ಹಿಡಿದು ದಾಟಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಶಾಸ್ತ್ರೀಜಿ ತೀರಿಕೊಂಡದ್ದು ಅಲ್ಲೇ ಅಲ್ಲವಾ? ನೋಡೋಕೆ ಏನಾದರೂ ಇದೆಯಾ?

ಹೌದು, ಅದೇ 1966, ಭೂಕಂಪಕ್ಕೆ ಮೂರೂವರೆ ತಿಂಗಳ ಮುಂಚೆ. ಜನವರಿ 10ರಂದು ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು, ಆ ರಾತ್ರಿ ಕಳೆಯುವುದರೊಳಗೆ, 11ರ ನಸುಕಿಗೆ ಮುಂಚೆಯೇ ಹೋಗಿಬಿಟ್ಟರು. ಊರಿನಲ್ಲಿ ಅವರ ಹೆಸರಿನ ಬೀದಿ ಇದೆ, ಆ ಬೀದಿಯ ಪಕ್ಕ ಒಂದು ಚಿಕ್ಕ ತೋಟದಲ್ಲಿ ಎದೆಮಟ್ಟದ ಪ್ರತಿಮೆ ಇದೆ. ಟ್ಯಾಕ್ಸಿಯವರಿಗೆ ‘ಶಾಸ್ತ್ರಿ ಕೋಚಾಸಿ’ ಅಂದರೆ ಸಾಕು, ಕೋಚಾ ಎಂದರೆ ಬೀದಿ. ಕಾವಲಿಲ್ಲ, ಟಿಕೆಟ್ಟಿಲ್ಲ, ಹತ್ತು ನಿಮಿಷದ ಜಾಗ.

ನನ್ನ ಮಾವನವರು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರು ಏರಿದಾಗ ಅವರ ಮನೆ ಮುಳುಗಡೆಯಾಯಿತು, ನವನಗರಕ್ಕೆ ಬಂದರು. ಆ ಜಲಾಶಯಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಎಂದು ಹೆಸರು. ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರೂ ಶಾಸ್ತ್ರಿಯವರೇ. ಮಾವ ನಮ್ಮ ಮನೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಆ ತೋಟಕ್ಕೆ ಕರೆದುಕೊಂಡು ಹೋದೆ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು, ಕೈಮುಗಿದರು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, ‘ನಮ್ಮ ಮನಿ ಇವರ ಹೆಸರಿನ ನೀರಾಗ ಐತಿ ನೋಡ್ರಿ ಅಳಿಯಂದ್ರ’ ಅಂದರು. ಸಿಟ್ಟೋ ಭಕ್ತಿಯೋ ಗೊತ್ತಾಗಲಿಲ್ಲ, ನಾನು ಕೇಳಲೂ ಇಲ್ಲ. ಅದೇ ದಿನ ಮಧ್ಯಾಹ್ನ ಭೂಕಂಪದ ಸ್ಮಾರಕದ ಮುಂದೆ ಅವರು ಕೇಳಿದ ಮೊದಲ ಪ್ರಶ್ನೆ: ‘ಇವರಿಗೆ ಪರಿಹಾರ ಎಷ್ಟ ಬಂತು?’ ಮನೆಗೆ ಬದಲು ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಟ್ಟರು ಎಂದೆ. ‘ಹಂಗಾದ್ರ ಅದನ್ನ ತೋರಸ್ರಿ’ ಅಂದರು. ಹಾಗಾಗಿ ಮುಂದಿನ ಉತ್ತರ.

ಆ ಹಳೇ ಸೋವಿಯತ್ ಅಪಾರ್ಟ್‌ಮೆಂಟುಗಳನ್ನು ನೋಡೋಕೆ ಯಾಕೆ ಹೋಗಬೇಕು?

ಗೋಡೆ ನೋಡುವುದಕ್ಕೆ. ಭೂಕಂಪದ ನಂತರ ಚಿಲಾನ್ಜಾರ್ ಮುಂತಾದ ಬಡಾವಣೆಗಳಲ್ಲಿ ಕಾಂಕ್ರೀಟ್ ಹಲಗೆ ಜೋಡಿಸಿ ಬೇಗ ಬೇಗ ಮನೆ ಕಟ್ಟಿದರು. ಒಂದರಂತೆ ಇನ್ನೊಂದು, ನೋಡಲು ಬೆಂಕಿಪೊಟ್ಟಣ. ಆದರೆ ಅವುಗಳ ಬದಿಗೋಡೆಯ ಮೇಲೆ, ನಾಲ್ಕೈದು ಅಂತಸ್ತಿನ ಎತ್ತರಕ್ಕೂ, ಬಣ್ಣದ ಹೆಂಚಿನ ಚೂರುಗಳಿಂದ ಮಾಡಿದ ಚಿತ್ತಾರಗಳಿವೆ: ಹತ್ತಿ ಹೂ, ದಾಳಿಂಬೆ, ನಕ್ಷತ್ರ, ಗಗನಯಾತ್ರಿ, ವೀಣೆಯಂಥ ವಾದ್ಯ ಹಿಡಿದ ಹುಡುಗಿ. ಇವುಗಳಲ್ಲಿ ಬಹಳಷ್ಟನ್ನು ಮಾಡಿದವರು ಝಾರ್ಸ್ಕಿ ಸಹೋದರರು, ಮೂವರು ಅಣ್ಣತಮ್ಮಂದಿರು. ಮನೆ ಕಟ್ಟುವ ಕಾರ್ಖಾನೆಯಲ್ಲೇ ಹಲಗೆಗಳಿಗೆ ಚೂರುಗಳನ್ನು ಕೂಡಿಸಿಬಿಡುತ್ತಿದ್ದರು, ಅದಕ್ಕೇ ಇಷ್ಟು ವರ್ಷವಾದರೂ ಉದುರಿಲ್ಲ.

ಚಿಲಾನ್ಜಾರ್ ಮೆಟ್ರೊದಲ್ಲಿ ಇಳಿದು ಯಾವ ಕಡೆಗಾದರೂ ನಡೆಯಿರಿ. ಬಾಲ್ಕನಿಯಲ್ಲಿ ಒಣಗಿಹಾಕಿದ ಬೆಡ್‌ಶೀಟು, ಕೆಳಗೆ ಬೆಂಚಿನ ಮೇಲೆ ಅಜ್ಜಿಯರು, ಅವರ ತಲೆಯ ಮೇಲೆ ದ್ರಾಕ್ಷಿ ಚಪ್ಪರ. ಮಾವ ಬಹಳ ಹೊತ್ತು ನೋಡಿ, ನೀರು ಮೇಲಿನ ಅಂತಸ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ಒಬ್ಬ ಅಜ್ಜಿಯನ್ನು ಕೈಸನ್ನೆಯಲ್ಲೇ ವಿಚಾರಿಸಿದರು. ಅಜ್ಜಿ ಏನು ಹೇಳಿದರೋ ತಿಳಿಯಲಿಲ್ಲ, ಆದರೆ ಬಹಳ ಹೊತ್ತು ಹೇಳಿದರು. ಅಲ್ಲೂ ಅದೇ ಕತೆ ಇರಬೇಕು.

ಸ್ವಾತಂತ್ರ್ಯ ಚೌಕದಲ್ಲಿ ಏನಿದೆ?

ಅಲ್ಲಿಯವರು ‘ಮುಸ್ತಕಿಲ್ಲಿಕ್ ಮೈದಾನಿ’ ಎನ್ನುತ್ತಾರೆ. ಮೈದಾನ ನಮ್ಮದೇ ಪದ ಅನ್ನಿಸುತ್ತದೆ, ಎರಡೂ ಕಡೆಗೆ ಪಾರಸಿಯಿಂದ ಬಂದದ್ದು. ಹಿಂದೆ ಇದು ಲೆನಿನ್ ಚೌಕ. ಲೆನಿನ್ನನ ಭಾರೀ ಪ್ರತಿಮೆಯನ್ನು 1992ರಲ್ಲಿ ಕೆಳಗಿಳಿಸಿ ಅದೇ ಜಾಗದಲ್ಲಿ ಭೂಗೋಳ ಇಟ್ಟರು. ಗೋಳದ ಮೇಲೆ ಒಂದೇ ದೇಶದ ನಕ್ಷೆ, ಉಜ್ಬೇಕಿಸ್ತಾನದ್ದು. ಪ್ರವೇಶದಲ್ಲಿ ಬಿಳಿ ಕಂಬಗಳ ಸಾಲು, ಮೇಲೆ ಕೊಕ್ಕರೆಗಳು. ಕಾರಂಜಿ ಬೇಕಾದಷ್ಟು.

ನನಗೆ ಇಷ್ಟವಾದದ್ದು ಪಕ್ಕದ ‘ಖೋತಿರಾ ಮೈದಾನಿ’, ಅಂದರೆ ನೆನಪಿನ ಚೌಕ. ಅಲ್ಲಿ ಆರದ ಜ್ಯೋತಿಯ ಮುಂದೆ ತಲೆತಗ್ಗಿಸಿ ಕೂತ ತಾಯಿಯ ವಿಗ್ರಹ. ಎರಡೂ ಬದಿಗೆ ಕೆತ್ತನೆಯ ಮರದ ಕಂಬಗಳ ಉದ್ದ ಮೊಗಸಾಲೆ. ಎರಡನೇ ಮಹಾಯುದ್ಧಕ್ಕೆ ಹೋಗಿ ಹಿಂತಿರುಗದ ಉಜ್ಬೇಕ್ ಸೈನಿಕರ ಹೆಸರುಗಳನ್ನು ಹಿತ್ತಾಳೆಯ ಹಾಳೆಗಳ ಮೇಲೆ ಕೊರೆದು, ಜಿಲ್ಲೆವಾರು ಪುಸ್ತಕದಂತೆ ಗೋಡೆಗೆ ಕೂರಿಸಿದ್ದಾರೆ. ಹಾಳೆ ತಿರುಗಿಸಬಹುದು. ಭಾರವಾಗಿವೆ, ತಿರುಗಿಸಿದಾಗ ಕೊಡ ತಾಗಿದ ಸದ್ದು ಬರುತ್ತದೆ. ಕೆಲವು ಹಾಳೆಗಳಲ್ಲಿ ಒಂದೊಂದು ಸಾಲು ಮಾತ್ರ ಫಳಫಳ ಹೊಳೆಯುತ್ತದೆ. ಮನೆಯವರು ಬಂದಾಗಲೆಲ್ಲ ಆ ಹೆಸರನ್ನೇ ಮುಟ್ಟಿ ಮುಟ್ಟಿ ಹಾಗಾಗಿದೆ.

ಸೆಪ್ಟೆಂಬರ್ 1 ಅವರ ಸ್ವಾತಂತ್ರ್ಯ ದಿನ. ಅದರ ಆಸುಪಾಸು ಕಾರ್ಯಕ್ರಮದ ತಯಾರಿಗೆಂದು ಈ ಕಡೆ ಬೇಲಿ ಹಾಕಿರುತ್ತಾರೆ, ಆಗ ಹೋಗಿ ನಿರಾಶರಾಗಬೇಡಿ.

ಕುದುರೆ ಮೇಲಿರುವ ತೈಮೂರನ ಪ್ರತಿಮೆ ಎಲ್ಲಿ?

ಊರಿನ ನಡುಮಧ್ಯ, ಅಮೀರ್ ತೈಮೂರ್ ಚೌಕದಲ್ಲಿ. 1398ರಲ್ಲಿ ದೆಹಲಿಯನ್ನು ಸೂರೆಮಾಡಿದವನು ಎಂದೇ ಶಾಲೆಯಲ್ಲಿ ಓದಿದ ನಮಗೆ, ಅವನನ್ನು ರಾಷ್ಟ್ರಪಿತನಂತೆ ನಿಲ್ಲಿಸಿರುವುದು ನೋಡಿದಾಗ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಈ ಪೀಠದ ಕತೆ ಇನ್ನೂ ಸ್ವಾರಸ್ಯ. ಇದೇ ಚೌಕದಲ್ಲಿ ಮೊದಲು ರಷ್ಯನ್ ಗವರ್ನರ್ ಕೌಫ್‌ಮನ್ ಇದ್ದ, ಆಮೇಲೆ ಸ್ಟಾಲಿನ್ ಬಂದ, ಆಮೇಲೆ ಕಾರ್ಲ್ ಮಾರ್ಕ್ಸ್. 1993ರಿಂದ ತೈಮೂರ. ಹಳೆಯ ಚಿನಾರ್ ಮರಗಳನ್ನು 2009ರಲ್ಲಿ ಕಡಿದುಹಾಕಿದರು, ಊರಿನವರು ಇನ್ನೂ ಅದನ್ನು ಎತ್ತಿ ಆಡುತ್ತಾರೆ. ನೆರಳಿಲ್ಲ, ಬೇಸಿಗೆಯಲ್ಲಿ ಸಂಜೆ ಹೋಗಿ.

ಎದುರಿಗೆ ಬಿಚ್ಚಿಟ್ಟ ಪುಸ್ತಕದಂತೆ ಬಾಗಿದ ಹೋಟೆಲ್ ಉಜ್ಬೇಕಿಸ್ತಾನ್, 1974ರ ಕಟ್ಟಡ. ಪಕ್ಕದ ಗಡಿಯಾರ ಗೋಪುರ 1947ರದ್ದು. ಅದರ ಯಂತ್ರವನ್ನು ಯುದ್ಧ ಮುಗಿದ ಮೇಲೆ ಪೂರ್ವ ಪ್ರಷ್ಯಾದಿಂದ ತಂದದ್ದು. ಅಲ್ಲಿಂದ ಹೊರಡುವ ಸಾಯಿಲ್ಗೋಹ್ ಬೀದಿಯನ್ನು ಎಲ್ಲರೂ ಬ್ರಾಡ್‌ವೇ ಎನ್ನುತ್ತಾರೆ. ಚಿತ್ರ ಬಿಡಿಸುವವರು, ಹಳೇ ಸೋವಿಯತ್ ಬಿಲ್ಲೆ ಮಾರುವವರು ಸಾಲಾಗಿ ಕೂತಿರುತ್ತಾರೆ. ನೋಡುವುದಕ್ಕೆ ಕಾಸಿಲ್ಲ, ಕೊಳ್ಳುವುದಾದರೆ ಚೌಕಾಸಿ ಮಾಡಿ.

ಮೆಟ್ರೊ ನೋಡಲೇಬೇಕು ಅಂತಾರೆ. ಅದಕ್ಕೆ ಟಿಕೆಟ್ ಇದೆಯಲ್ಲ?

ಇದೆ. ಆದರೂ ಈ ಪಟ್ಟಿಗೆ ಸೇರಿಸುತ್ತೇನೆ, ನನ್ನ ಪಟ್ಟಿ ನನ್ನ ಇಷ್ಟ. ಒಂದು ಟಿಕೆಟ್ ನಮ್ಮ ಲೆಕ್ಕದಲ್ಲಿ ಒಂದು ಕಾಫಿ ದುಡ್ಡು, ಒಳಗೆ ಹೋದಮೇಲೆ ಎಷ್ಟು ನಿಲ್ದಾಣದಲ್ಲಿ ಇಳಿದು ಹತ್ತಿದರೂ ಮತ್ತೆ ಕೊಡಬೇಕಿಲ್ಲ, ಹೊರಗೆ ಬಾರದಿದ್ದರೆ ಸರಿ.

1977ರಲ್ಲಿ ಶುರುವಾದ ಇದು ಮಧ್ಯ ಏಷ್ಯಾದ ಮೊದಲ ಮೆಟ್ರೊ. ರಕ್ಷಣೆಯ ಕಾರಣ ಹೇಳಿ 2018ರವರೆಗೆ ಒಳಗೆ ಫೋಟೊ ತೆಗೆಯಲು ಬಿಡುತ್ತಿರಲಿಲ್ಲ, ಈಗ ಧಾರಾಳವಾಗಿ ತೆಗೆಯಬಹುದು. ಮೂರು ನಿಲ್ದಾಣ ತಪ್ಪಿಸಬೇಡಿ. ‘ಕೋಸ್ಮೊನಾವ್ತ್‌ಲಾರ್’ ಗಗನಯಾತ್ರಿಗಳದ್ದು: ಗೋಡೆಯ ನೀಲಿ ಹೆಂಚು ಮೇಲಿನಿಂದ ಕೆಳಗೆ ಬಣ್ಣ ಬದಲಿಸುತ್ತಾ ಹೋಗುತ್ತದೆ, ನಡುನಡುವೆ ದುಂಡು ಫಲಕಗಳಲ್ಲಿ ಗಗಾರಿನ್, ವಲೆಂತಿನಾ ತೆರೆಷ್ಕೋವಾ, ಅವರ ಜೊತೆಗೇ ಹದಿನೈದನೇ ಶತಮಾನದಲ್ಲಿ ಸಮರ್‌ಕಂದದಿಂದ ನಕ್ಷತ್ರ ಎಣಿಸಿದ ಉಲುಗ್ ಬೇಗ್. ‘ಅಲಿಶೇರ್ ನವೊಯಿ’ ನಿಲ್ದಾಣಕ್ಕೆ ಕಾಲಿಟ್ಟರೆ ಭೂಗರ್ಭದಲ್ಲಿ ಮಸೀದಿ ಹೊಕ್ಕಂತಿರುತ್ತದೆ, ಅಷ್ಟು ಗುಮ್ಮಟ. ನವೊಯಿ ಅಲ್ಲಿಯವರ ಮಹಾಕವಿ, ಗೋಡೆಯ ಮೇಲೆ ಅವರ ಕಾವ್ಯಗಳ ದೃಶ್ಯಗಳು. ‘ಪಖ್ತಕೋರ್’ ಎಂದರೆ ಹತ್ತಿ ಬೆಳೆಗಾರ, ಗೋಡೆ ತುಂಬ ಹತ್ತಿ.

ಬಾಗಿಲಲ್ಲಿ ಪೊಲೀಸರು ಚೀಲ ನೋಡುತ್ತಾರೆ. ಒಳಗೆ ಒಂದು ರೂಢಿ ಗಮನಿಸಿ: ವಯಸ್ಸಾದವರು ಹತ್ತಿದ ಕೂಡಲೇ ಹುಡುಗರು ಎದ್ದು ನಿಲ್ಲುತ್ತಾರೆ. ಮಾವನವರಿಗೆ ಮೊದಮೊದಲು ಸಂಕೋಚವಾಗುತ್ತಿತ್ತು, ಮೂರನೇ ದಿನದಿಂದ ನಿರೀಕ್ಷಿಸತೊಡಗಿದರು.

ಚೋರ್ಸು ಬಜಾರಿನಲ್ಲಿ ಕೊಳ್ಳದೆ ಸುಮ್ಮನೆ ಸುತ್ತಬಹುದಾ?

ಸುತ್ತಬಹುದು, ಆದರೆ ಕೊಳ್ಳದೆ ಹೊರಗೆ ಬಂದವರನ್ನು ನಾನು ನೋಡಿಲ್ಲ.

ದೊಡ್ಡ ನೀಲಿ ಗುಮ್ಮಟದ ಕೆಳಗೆ ದುಂಡಗೆ ಸಾಲುಸಾಲು ಅಂಗಡಿ. ಕೆಳಗೆ ಮಾಂಸ, ಹಾಲು ಮೊಸರಿನ ಪದಾರ್ಥ; ಮೇಲಿನ ಸುತ್ತು ಒಣಹಣ್ಣು, ಬಾದಾಮಿ, ಮಸಾಲೆ. ಸಸ್ಯಾಹಾರಿಗಳು ನೇರ ಮೆಟ್ಟಿಲು ಹತ್ತಿಬಿಡಿ, ಕೆಳಗೆ ಕುದುರೆ ಮಾಂಸವೂ ಇರುತ್ತದೆ. ಮೇಲೆ ‘ನವ್ವೋತ್’ ಕೇಳಿ: ಬಂಗಾರ ಬಣ್ಣದ ದೊಡ್ಡ ದೊಡ್ಡ ಗಟ್ಟಿಗಳು, ನಮ್ಮ ಕಲ್ಲುಸಕ್ಕರೆಯೇ. ಚಹಾದ ಜೊತೆ ಕಡಿಯುತ್ತಾರೆ. ‘ಕುರುತ್’ ಎನ್ನುವ ಬಿಳಿ ಉಂಡೆಗಳನ್ನು ಪೇಡೆ ಎಂದು ಬಾಯಿಗೆ ಹಾಕಿಕೊಳ್ಳಬೇಡಿ. ಅದು ಮೊಸರಿನ ನೀರು ಬಸಿದು, ಉಪ್ಪು ಹಾಕಿ, ಕಲ್ಲಿನಂತೆ ಒಣಗಿಸಿದ್ದು. ನಾನು ಹಾಕಿಕೊಂಡಿದ್ದೇನೆ. ಅಂಗಡಿಯಾಕೆ ನಕ್ಕಿದ್ದು ಇನ್ನೂ ಕೇಳಿಸುತ್ತದೆ.

ಗುಮ್ಮಟದ ಹೊರಗೆ ರೊಟ್ಟಿ ಸುಡುವ ಜಾಗಕ್ಕೆ ತಪ್ಪದೆ ಹೋಗಿ. ‘ನೋನ್’ ಎನ್ನುತ್ತಾರೆ, ನಮ್ಮ ನಾನ್‌ನ ಅಣ್ಣ. ಹಿಟ್ಟನ್ನು ದುಂಡಗೆ ತಟ್ಟಿ, ಮೊಳೆಗಳಿರುವ ಮರದ ಮುದ್ರೆಯಿಂದ ನಡುವೆ ಗುದ್ದುತ್ತಾರೆ; ಅಲ್ಲಿ ಹೂವಿನ ಚಿತ್ತಾರ ಬೀಳುತ್ತದೆ, ಆ ಭಾಗ ಉಬ್ಬುವುದಿಲ್ಲ. ಆಮೇಲೆ ಎಳ್ಳು ಉದುರಿಸಿ, ಹುಡುಗನೊಬ್ಬ ಸೊಂಟದವರೆಗೆ ತಂದೂರಿನೊಳಗೆ ಬಗ್ಗಿ ಗೋಡೆಗೆ ಅಂಟಿಸುತ್ತಾನೆ. ಎಷ್ಟು ಹೊತ್ತು ನಿಂತು ನೋಡಿದರೂ ಯಾರೂ ಕೇಳುವುದಿಲ್ಲ. ಬಿಸಿ ರೊಟ್ಟಿ ಕೊಂಡರೆ ಒಂದು ವಿಷಯ ನೆನಪಿಡಿ: ರೊಟ್ಟಿಯನ್ನು ಬೋರಲು ಇಡುವುದು, ನೆಲಕ್ಕೆ ಹಾಕುವುದು ಅಲ್ಲಿ ಅಪಚಾರ. ಕೈಯಿಂದಲೇ ಮುರಿಯುತ್ತಾರೆ, ಚಾಕು ಹಾಕುವುದಿಲ್ಲ.

ಬಜಾರಿನ ಪಕ್ಕದ ದಿಬ್ಬದ ಮೇಲೆ ಹದಿನಾರನೇ ಶತಮಾನದ ಕುಕೆಲ್ದಾಶ್ ಮದರಸಾ. ಹೊರಗಿನ ನೀಲಿ ಹೆಂಚಿನ ಮಹಾದ್ವಾರವನ್ನು ರಸ್ತೆಯಿಂದಲೇ ಕಣ್ತುಂಬ ನೋಡಬಹುದು.

ಮಸೀದಿಗಳಿಗೆ ನಮ್ಮನ್ನು ಬಿಡ್ತಾರಾ? ಹೆಂಗಸರಿಗೆ?

ಬಿಡುತ್ತಾರೆ. ಪ್ರಾರ್ಥನೆಯ ಹೊತ್ತು, ವಿಶೇಷವಾಗಿ ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ಚಪ್ಪಲಿ ಹೊರಗೆ, ಹೆಂಗಸರು ತಲೆಗೆ ವಸ್ತ್ರ, ಗಂಡಸರೂ ಚಡ್ಡಿಯಲ್ಲಿ ಹೋಗಬಾರದು. ನಮ್ಮ ದೇವಸ್ಥಾನದ ನಡವಳಿಕೆ ಗೊತ್ತಿದ್ದವರಿಗೆ ಬೇರೆ ಪಾಠ ಬೇಕಿಲ್ಲ. ಸೀರೆಯುಟ್ಟವರಿಗೆ ಸೆರಗೇ ಸಾಕು, ಜೊತೆಗೆ ನಾಲ್ಕು ಜನ ಫೋಟೊ ಕೇಳುತ್ತಾರೆ.

‘ಮಿನೋರ್’ ಮಸೀದಿ 2014ರದ್ದು, ಅನ್ಖೋರ್ ಕಾಲುವೆಯ ದಂಡೆಯಲ್ಲಿ ಪೂರ್ತಿ ಬೆಳ್ಳಗೆ ನಿಂತಿದೆ. ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಸಂಜೆ ಚೆಂದ. ಹಳೆಯದು ಬೇಕಾದವರು ಹಜರತ್ ಇಮಾಮ್ ಆವರಣಕ್ಕೆ ಹೋಗಿ. ಚೋರ್ಸುವಿನಿಂದ ಹಳೇ ಊರಿನ ಓಣಿಗಳಲ್ಲಿ ನಡೆದರೆ ಅರ್ಧ ಗಂಟೆ: ಮಣ್ಣಿನ ಗೋಡೆ, ಕೆತ್ತನೆ ಬಾಗಿಲು, ಬಾಗಿಲ ಮುಂದೆ ನೀರು ಚಿಮುಕಿಸುವ ಹೆಂಗಸರು. ಭೂಕಂಪದ ಮುಂಚಿನ ತಾಷ್ಕೆಂಟ್ ಹೇಗಿತ್ತೆಂದು ತಿಳಿಯಲು ಉಳಿದಿರುವುದು ಇವೇ ಓಣಿಗಳು. ಆವರಣದಲ್ಲಿ ಬರಾಕ್‌ಖಾನ್ ಮದರಸಾ, ಇಸ್ಲಾಂ ಧರ್ಮಪಂಡಿತ ಕಫ್ಫಾಲ್ ಶಾಶಿಯವರ ಸಮಾಧಿ, ಎರಡು ಎತ್ತರದ ಮಿನಾರುಗಳ ಹೊಸ ಮಸೀದಿ. ಚೌಕ ಉಚಿತ. ಖಲೀಫ ಉಸ್ಮಾನರದೆಂದು ಹೇಳುವ, ಚರ್ಮದ ಹಾಳೆಗಳ ಮೇಲೆ ಬರೆದ ಪ್ರಾಚೀನ ಕುರಾನ್ ಈ ಊರಿನ ದೊಡ್ಡ ಆಸ್ತಿ, ಅದನ್ನು ನೋಡಲು ಮಾತ್ರ ಟಿಕೆಟ್.

ಮಕ್ಕಳನ್ನು ಕರೆದುಕೊಂಡು ಸಂಜೆ ಎಲ್ಲಿಗೆ ಹೋಗೋದು?

ತಾಷ್ಕೆಂಟ್ ಸಿಟಿ ಪಾರ್ಕಿಗೆ, ಅಲ್ಲಿ ಕತ್ತಲಾದ ಮೇಲೆ ಸಂಗೀತ ಕಾರಂಜಿ. ಒಳಗೆ ಹೋಗಲು ದುಡ್ಡಿಲ್ಲ. ಆಟದ ಯಂತ್ರಗಳಿಗೆ ಇದೆ, ಮಕ್ಕಳು ಅವನ್ನು ನೋಡದಂತೆ ಕರೆದೊಯ್ಯುವ ದಾರಿ ನನಗೆ ಕೊನೆಗೂ ಸಿಗಲಿಲ್ಲ. ಮ್ಯಾಜಿಕ್ ಸಿಟಿ ಎನ್ನುವ ಇನ್ನೊಂದು ಪಾರ್ಕೂ ಹಾಗೇ, ಬೊಂಬೆಯಂಗಡಿಯಂಥ ಯುರೋಪಿನ ಬೀದಿಗಳು. ಹಿರಿಯರಿಗೆ ಅಲ್ಲಿ ಬೇಸರವಾಗುತ್ತದೆ. ಅವರನ್ನು ಅಲಿಶೇರ್ ನವೊಯಿ ಉದ್ಯಾನಕ್ಕೆ ಕರೆದುಕೊಂಡು ಹೋಗಿ. ದೊಡ್ಡ ಕೆರೆ, ಮರಗಳು, ದಿಬ್ಬದ ಮೇಲೆ ಗುಮ್ಮಟದ ಕೆಳಗೆ ಕವಿಯ ಪ್ರತಿಮೆ. ಒಬ್ಬ ಕವಿಗೆ ಉದ್ಯಾನ, ಮೆಟ್ರೊ ನಿಲ್ದಾಣ, ನಾಟಕ ಮಂದಿರ, ಬೀದಿ ಎಲ್ಲ ಕೊಟ್ಟಿದ್ದಾರೆ ಎಂದು ಯಾರೋ ನನ್ನ ಹತ್ತಿರ ಆಶ್ಚರ್ಯಪಟ್ಟಿದ್ದರು. ಕುವೆಂಪು ಹೆಸರಿನಲ್ಲಿ ನಮ್ಮಲ್ಲಿ ಏನೇನಿದೆ ಎಂದು ಎಣಿಸಿ ಹೇಳಿದೆ.

ನವೊಯಿ ಹೆಸರಿನ ನಾಟಕ ಮಂದಿರದ ಮುಂದಿನ ಕಾರಂಜಿಯೂ ಸಂಜೆಗೆ ಒಳ್ಳೆಯ ಜಾಗ. ಮಾಸ್ಕೋದಲ್ಲಿ ಲೆನಿನ್ ಸಮಾಧಿ ಕಟ್ಟಿದ ಶ್ಚುಸೆವ್ ಇದನ್ನು ವಿನ್ಯಾಸ ಮಾಡಿದ್ದು, ಕೆಲಸ ಮಾಡಿದವರಲ್ಲಿ ಜಪಾನಿ ಯುದ್ಧಕೈದಿಗಳೂ ಇದ್ದರು. 1947ರ ಕಟ್ಟಡ, ಭೂಕಂಪಕ್ಕೆ ಜಗ್ಗಲಿಲ್ಲ. ಬದಿಯ ಗೋಡೆಯ ಮೇಲೆ ಆ ಕೈದಿಗಳ ನೆನಪಿನ ಫಲಕ ಇದೆ, ಹುಡುಕಿ ನೋಡಿ.

ಸಸ್ಯಾಹಾರಿಗಳ ಗತಿ?

ಕಷ್ಟ, ಆದರೆ ಉಪವಾಸ ಬೀಳುವುದಿಲ್ಲ. ನೋನ್, ಹಣ್ಣು, ಮೊಸರು, ‘ಅಚಿಚುಕ್’ ಎನ್ನುವ ಟೊಮೆಟೊ ಈರುಳ್ಳಿ ಕೋಸಂಬರಿ ಎಲ್ಲ ಕಡೆ ಸಿಗುತ್ತದೆ. ನಮ್ಮ ಸಮೋಸದಂಥ ಕುಂಬಳಕಾಯಿ ಸೋಮ್ಸಾ ಇದೆ, ಆದರೆ ಅದಕ್ಕೂ ಕುರಿ ಕೊಬ್ಬು ಹಾಕುವವರಿದ್ದಾರೆ, ಕೇಳಿಯೇ ತಿನ್ನಿ. ‘ಗೋಷ್ತ್‌ಸಿಜ್’ ಎಂದರೆ ಮಾಂಸ ಇಲ್ಲದ್ದು. ಇನ್ನೊಂದು ಮೋಸದ ಪದ ‘ಸಬ್ಜಿ’: ಉಜ್ಬೇಕ್ ಭಾಷೆಯಲ್ಲಿ ಅದು ತರಕಾರಿಯಲ್ಲ, ಬರೀ ಗಜ್ಜರಿ. ಸಬ್ಜಿ ಕೊಡಿ ಎಂದ ಗೆಳೆಯನಿಗೆ ಒಂದು ಕಿಲೋ ಗಜ್ಜರಿ ಕಟ್ಟಿಕೊಟ್ಟಿದ್ದರು.

ಟಿವಿ ಗೋಪುರದ ಹತ್ತಿರ ಬೆಶ್ ಕೋಜೋನ್ ಎನ್ನುವ ಪಲಾವ್ ಕೇಂದ್ರವಿದೆ, ‘ಐದು ಹಂಡೆ’ ಎಂದು ಅರ್ಥ. ಮಾಂಸ ತಿನ್ನದವರೂ ಹಂಡೆ ನೋಡಲು ಹೋಗಬಹುದು. ನಮ್ಮ ಜಾತ್ರೆಯ ದಾಸೋಹದ ಕೊಪ್ಪರಿಗೆಗಳು ನೆನಪಾಗುತ್ತವೆ. 375 ಮೀಟರ್ ಎತ್ತರದ ಗೋಪುರವನ್ನೂ ಅಲ್ಲಿಂದಲೇ ನೋಡಿಕೊಳ್ಳಿ, ಮೇಲೆ ಹತ್ತಲೇಬೇಕೆಂದಿಲ್ಲ.

ಯಾವಾಗ ಹೋಗುವುದು ಒಳ್ಳೆಯದು?

ಏಪ್ರಿಲ್–ಮೇ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಜುಲೈಯಲ್ಲಿ 40 ಡಿಗ್ರಿ, ಕಲಬುರ್ಗಿಯವರಿಗೆ ಅಡ್ಡಿಯಿಲ್ಲ. ಜನವರಿಯಲ್ಲಿ ಹಿಮ. ಬಯಲಲ್ಲಿ ನಡೆದು ನೋಡುವ ಊರಾದ್ದರಿಂದ ಹವೆಯೇ ಮುಖ್ಯ. ಮಾರ್ಚ್ 21ರ ನವ್ರೂಜ್ ಅವರ ಯುಗಾದಿ, ಚೌಕಗಳಲ್ಲಿ ಹಾಡು ಕುಣಿತ, ಹಂಡೆಗಳಲ್ಲಿ ಮೊಳಕೆ ಗೋಧಿಯ ‘ಸುಮಲಕ್’ ಇಡೀ ರಾತ್ರಿ ಕುದಿಯುತ್ತದೆ. ಒಂದು ಬಟ್ಟಲು ನಿಮಗೂ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ತಳದಲ್ಲಿ ಬೆಣಚುಕಲ್ಲು ಹಾಕಿರುತ್ತಾರೆ, ತಳ ಹಿಡಿಯದಿರಲಿ ಎಂದು. ಬಟ್ಟಲಿನಲ್ಲಿ ಕಲ್ಲು ಬಂದರೆ ಅದೃಷ್ಟವಂತೆ. ಹಲ್ಲು ಜೋಪಾನ.

ಭಾಷೆ, ಸುರಕ್ಷತೆ, ಮೋಸ?

ಉಜ್ಬೇಕ್ ಮತ್ತು ರಷ್ಯನ್ ನಡೆಯುತ್ತದೆ, ಹುಡುಗರಿಗೆ ಇಂಗ್ಲಿಷ್ ಬರುತ್ತದೆ. ‘ಹಿಂದಿಸ್ತಾನ್’ ಎಂದರೆ ಮುಖ ಅರಳುತ್ತದೆ, ಐವತ್ತು ದಾಟಿದವರು ರಾಜ್ ಕಪೂರ್ ಹೆಸರು ತೆಗೆಯುತ್ತಾರೆ. ‘ರಹ್ಮತ್’ ಎಂದರೆ ಧನ್ಯವಾದ. ರಾತ್ರಿ ಹತ್ತಕ್ಕೂ ಹೆಂಗಸರು ಮಕ್ಕಳು ಪಾರ್ಕಿನಲ್ಲಿರುತ್ತಾರೆ, ನಮ್ಮ ಮನೆಯವರು ಒಬ್ಬರೇ ಓಡಾಡಿದ್ದಾರೆ.

ಮೋಸ ಹೋಗುವ ಜಾಗ ಒಂದೇ, ವಿಮಾನ ನಿಲ್ದಾಣದ ಹೊರಗಿನ ಟ್ಯಾಕ್ಸಿ. ಮೊದಲ ರಾತ್ರಿ ನನ್ನಿಂದ ಒಬ್ಬ ನಾಲ್ಕು ಪಟ್ಟು ಕಿತ್ತುಕೊಂಡ. ಒಂದು ರೂಪಾಯಿಗೆ ನೂರಕ್ಕೂ ಹೆಚ್ಚು ಸೋಮ್, ಸೊನ್ನೆಗಳ ಲೆಕ್ಕದಲ್ಲಿ ತಲೆ ಗಿರ್ರೆಂದಿತ್ತು. ಆ್ಯಪ್‌ನಲ್ಲೇ ಟ್ಯಾಕ್ಸಿ ಕರೆಯಿರಿ.

ಫೋಟೊ, ಡ್ರೋನ್?

ಫೋಟೊಗೆ ತೊಂದರೆಯಿಲ್ಲ. ಪೊಲೀಸರು, ಸೈನಿಕರು, ಅವರ ಕಟ್ಟಡಗಳನ್ನು ಬಿಡಿ. ಡ್ರೋನ್ ಮನೆಯಲ್ಲೇ ಇಟ್ಟು ಹೋಗಿ, ಅನುಮತಿಯಿಲ್ಲದೆ ತಂದರೆ ಕಸ್ಟಮ್ಸ್‌ನಲ್ಲೇ ಪ್ರವಾಸ ಮುಗಿಯುತ್ತದೆ.

ಎರಡು ದಿನಕ್ಕೆ ಹೇಗೆ ಹೊಂದಿಸಲಿ?

ಮೊದಲ ದಿನ ಬೆಳಿಗ್ಗೆ ಶಾಸ್ತ್ರಿ ಬೀದಿ, ಅಲ್ಲಿಂದ ನೆನಪಿನ ಚೌಕ, ಭೂಕಂಪದ ಸ್ಮಾರಕ. ಇವೆರಡರ ನಡುವೆ ಅನ್ಖೋರ್ ಕಾಲುವೆಯ ದಂಡೆ ಹಿಡಿದು ನಡೆಯಿರಿ, ಬೇಸಿಗೆಯಲ್ಲಿ ಹುಡುಗರು ಸೇತುವೆ ಮೇಲಿಂದ ನೀರಿಗೆ ಧುಮುಕುತ್ತಿರುತ್ತಾರೆ. ಬಿಸಿಲೇರಿದಾಗ ಮೆಟ್ರೊಗೆ ಇಳಿದುಬಿಡಿ, ಕೆಳಗೆ ತಂಪು. ಸಂಜೆ ತೈಮೂರ್ ಚೌಕ, ನಾಟಕ ಮಂದಿರದ ಕಾರಂಜಿ. ಎರಡನೇ ದಿನ ಬೆಳಿಗ್ಗೆ ಬೇಗ ಚೋರ್ಸು, ಓಣಿಗಳ ದಾರಿಯಲ್ಲಿ ಹಜರತ್ ಇಮಾಮ್, ಮಧ್ಯಾಹ್ನ ನಿದ್ದೆ, ನಾಲ್ಕರ ಮೇಲೆ ಚಿಲಾನ್ಜಾರ್‌ನ ಗೋಡೆಗಳು, ಕತ್ತಲಾದ ಮೇಲೆ ಮಿನೋರ್ ಮಸೀದಿ. ನಿದ್ದೆಯನ್ನು ಪಟ್ಟಿಯಿಂದ ತೆಗೆಯಬೇಡಿ.

ಉಳಿದ ಸೋಮ್ ಏನು ಮಾಡೋದು? ಬೆಂಗಳೂರಲ್ಲಿ ಬದಲಾಯಿಸಿ ಕೊಡ್ತಾರಾ?

ಆ ಆಸೆ ಬಿಡಿ. ಹೊರಡುವ ಮುಂಚೆ ಚೋರ್ಸುವಿನ ಮೇಲಿನ ಸುತ್ತಿಗೆ ಮತ್ತೊಮ್ಮೆ ಹೋಗಿ ಎಲ್ಲದಕ್ಕೂ ಒಣ ಏಪ್ರಿಕಾಟ್, ಬಾದಾಮಿ, ನವ್ವೋತ್ ಕಟ್ಟಿಸಿಕೊಳ್ಳಿ. ನವ್ವೋತ್ ಗಟ್ಟಿಯನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯವರು ಒಡವೆಯೋ ಕಲ್ಲೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾರೆ, ದೊಡ್ಡ ಪೆಟ್ಟಿಗೆಗೆ ಹಾಕಿ. ಮಾವ ಎರಡು ಕಿಲೋ ತಂದಿದ್ದರು. ನವನಗರದ ಅರ್ಧ ಓಣಿಗೆ ಶಾಸ್ತ್ರಿಯವರ ಊರಿನ ಪ್ರಸಾದ ಎಂದು ಹಂಚಿದರು.